ಚಿತ್ರ ಹೇಳುತ್ತದೆ ನಿಜ, ಆದರೆ ಏನನ್ನು?

"ಓದು ಬಾರದವರಿಗೆ ಸಾರ್, ಬರೀ ಚಿತ್ರ ಸಾಕು." ಆರೋಗ್ಯದ ಪೋಸ್ಟರ್ ಮಾಡಿಸಲು ಬರುವವರಲ್ಲಿ ಜಾಸ್ತಿ ಜನ ಹೀಗೇ ಶುರು ಮಾಡುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೂ ಪ್ರತಿ ಸಲ ಇದೇ ವಾದ ಮಾಡಿ ನನಗೆ ಸಾಕಾಗಿದೆ.

ಚಿತ್ರಕ್ಕೆ ಶಕ್ತಿ ಇದೆ, ಅನುಮಾನ ಬೇಡ. ತಂಬಾಕಿನ ಪೊಟ್ಟಣವನ್ನೇ ನೋಡಿ. 2016ರ ಏಪ್ರಿಲ್‌ನಿಂದ ಅದರ ಎರಡೂ ಬದಿಯ ಶೇ 85ರಷ್ಟು ಜಾಗ ಎಚ್ಚರಿಕೆಗೇ ಮೀಸಲು. ಆ ನಿಯಮವನ್ನು 2017ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟ್ ರದ್ದು ಮಾಡಿತು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಚಿತ್ರಕ್ಕೆ ಬಲ ಇಲ್ಲದಿದ್ದರೆ ಅದರ ಅಳತೆಗಾಗಿ ಯಾರೂ ಕೋರ್ಟಿಗೆ ಹೋಗುತ್ತಿರಲಿಲ್ಲ, ಅಲ್ವಾ? ಆದರೆ ಆ 85ರಲ್ಲಿ ಚಿತ್ರಕ್ಕೆ 60, ಅಕ್ಷರಕ್ಕೆ 25. ನನ್ನ ಹತ್ತಿರ ಬರುವವರು ಇದನ್ನು ಗಮನಿಸುವುದೇ ಇಲ್ಲ.

ಚಿತ್ರಕ್ಕೆ ಕಷ್ಟವಾಗುವುದು ಯಾವುದರಿಂದ ಯಾವುದಾಯಿತು ಎಂದು ಹೇಳುವುದು. ಹಳ್ಳಿಯೊಂದಕ್ಕೆ ಕರಡು ಪೋಸ್ಟರ್ ಒಯ್ದಿದ್ದೆವು. ಕೆನ್ನೆ ಊದಿದ ಹೆಂಗಸು, ಅವಳ ಅಂಗೈಯಲ್ಲಿ ಹೊಗೆಸೊಪ್ಪು. ಎಲೆಅಡಿಕೆ ಹಾಕಿಕೊಂಡು ಕೂತಿದ್ದ ಅಜ್ಜಿಯೊಬ್ಬರು ನೋಡಿದರು. "ಅಯ್ಯೋ ಪಾಪ, ಹಲ್ಲುನೋವು. ಅದಕ್ಕೇ ಹೊಗೆಸೊಪ್ಪು ಇಟ್ಕೊಂಡವ್ಳೆ" ಅಂದರು. ಅಜ್ಜಿಯದೇನೂ ತಪ್ಪಿಲ್ಲ. ಹಲ್ಲುನೋವಿಗೆ ಹೊಗೆಸೊಪ್ಪು ಒತ್ತುವುದನ್ನು ನೋಡಿಯೇ ಬೆಳೆದವರು ಅವರು. ನಾವು ಕಾಯಿಲೆಗೆ ಕಾರಣ ಅಂತ ಚಿತ್ರಿಸಿದ್ದು ಅವರಿಗೆ ಔಷಧಿಯಾಗಿ ಕಂಡಿತು. ಚಿತ್ರ ಎರಡನ್ನೂ ಅಕ್ಕಪಕ್ಕ ಇಟ್ಟಿತ್ತು, ಅಷ್ಟೇ. ಮೊದಲು ಯಾವುದು, ಆಮೇಲೆ ಯಾವುದು ಎಂಬುದನ್ನು ಅಜ್ಜಿ ತಮ್ಮ ಅನುಭವದಿಂದ ತುಂಬಿಕೊಂಡರು.

"ಹಾಗಾದರೆ ಬಾಣ ಹಾಕಿ" ಅಂತೀರಿ. ಬಾಣದ ಅರ್ಥವನ್ನೂ ಯಾರಾದರೂ ಕಲಿಸಿರಬೇಕು. ಎಡಗಡೆಯದು ಮೊದಲು, ಬಲಗಡೆಯದು ಆಮೇಲೆ ಅನ್ನುವುದೂ ಕನ್ನಡ ಓದಿದವರ ಅಭ್ಯಾಸ. ಕೆಂಪು ಇಂಟು ಗುರುತಿನ ಕಥೆಯೂ ಇದೇ. 2009ರಲ್ಲಿ ಜಗಿಯುವ ತಂಬಾಕಿನ ಪೊಟ್ಟಣದ ಮೇಲೆ ಚೇಳಿನ ಚಿತ್ರ ಬಂದಿತ್ತು, ನೆನಪಿದೆಯಾ? ಕ್ಯಾನ್ಸರ್ ಎಂದು ಸೂಚಿಸಲು ಹಾಕಿದ್ದು. ಚೇಳಿಗೂ ಕ್ಯಾನ್ಸರ್‌ಗೂ ಏನು ನಂಟು ಎಂದು ಗೊತ್ತಿಲ್ಲದವರಿಗೆ ಅದು ಬರೀ ಚೇಳು. ಮುಂದೆ ಅದು ಹೋಗಿ ಬಾಯಿಯ ಕ್ಯಾನ್ಸರ್‌ನ ಫೋಟೊಗಳು ಬಂದವು.

ನಾನು ವೈದ್ಯನಲ್ಲ. ಪೋಸ್ಟರ್ ನೋಡಿ ಜನ ಚಟ ಬಿಡುತ್ತಾರೆ ಎಂದು ಭರವಸೆ ಕೊಡಲಾರೆ. ನಮ್ಮ ಆ ಪೋಸ್ಟರ್‌ಗೆ ಕೊನೆಗೆ ಒಂದೇ ಸಾಲು ಸೇರಿಸಿದೆವು: "ಹೊಗೆಸೊಪ್ಪು ಇಟ್ಟ ಜಾಗದಲ್ಲೇ ಈ ಹುಣ್ಣು ಎದ್ದಿದೆ." ಓದು ಬಾರದವರಿಗೆ ಆಶಾ ಕಾರ್ಯಕರ್ತೆ ಓದಿ ಹೇಳುತ್ತಾರೆ, ಇಲ್ಲವೇ ಶಾಲೆಗೆ ಹೋಗುವ ಮೊಮ್ಮಗಳು.

ಪ್ರಿಂಟ್‌ಗೆ ಕೊಡುವ ಮೊದಲು ಕರಡನ್ನು ಊರಿನವರಿಗೆ ತೋರಿಸಿ. "ಚೆನ್ನಾಗಿದೆಯಾ?" ಎಂದು ಮಾತ್ರ ಕೇಳಬೇಡಿ, ಎಲ್ಲರೂ ಸುಮ್ನೆ ಹೂಂ ಅಂತಾರೆ. "ಇಲ್ಲಿ ಏನಾಗಿದೆ?" ಎಂದು ಕೇಳಿ. ಅವರು ಹೇಳಿದ್ದನ್ನು ತಿದ್ದದೆ, ಹಾಗೇ ಬರೆದುಕೊಂಡು ನನ್ನ ಹತ್ತಿರ ಬನ್ನಿ.