ಕೆಲಸ ಬಿಟ್ಟುಹೋದವರ ಕೀಲಿಕೈ

2021ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಇಂಧನ ಸಾಗಿಸುವ ಕೊಲೋನಿಯಲ್ ಪೈಪ್‌ಲೈನ್ ಕೆಲವು ದಿನ ಸ್ಥಗಿತಗೊಂಡಿತು. ಪೂರ್ವ ಕರಾವಳಿಯ ಪೆಟ್ರೋಲ್ ಬಂಕ್‌ಗಳ ಮುಂದೆ ಕಾರುಗಳು ಸಾಲುಗಟ್ಟಿದವು. ಕಂಪನಿಯ ಕಂಪ್ಯೂಟರ್ ಜಾಲಕ್ಕೆ ನುಗ್ಗಿದ ಹ್ಯಾಕರ್‌ಗಳಿಗೆ ದಾರಿಯಾದದ್ದು ಒಂದು ಹಳೆಯ ವಿಪಿಎನ್ ಖಾತೆ, ಅಂದರೆ ಹೊರಗಿನಿಂದ ಕಚೇರಿಯ ಜಾಲದೊಳಗೆ ಬರಲು ಬಳಸುವ ಖಾತೆ. ಅದರ ಬಳಕೆ ನಿಂತಿತ್ತು, ಆದರೆ ಅದನ್ನು ಮುಚ್ಚಿರಲಿಲ್ಲ; ಪಾಸ್‌ವರ್ಡ್ ಒಂದಿದ್ದರೆ ಸಾಕು, ಒಟಿಪಿಯಂಥ ಎರಡನೇ ತಪಾಸಣೆ ಇರಲಿಲ್ಲ. ಯಾರು ಒಳಗೆ ಬರಬಹುದೆಂಬ ಲೆಕ್ಕ ಒಂದೇ ಕಡೆ ಇರಬೇಕು ಎಂದು ತಂತ್ರಜ್ಞರು ದಶಕಗಳಿಂದ ಪಟ್ಟು ಹಿಡಿದಿರುವುದು ಇದಕ್ಕೇ.

ಮೊದಮೊದಲು ಲೆಕ್ಕ ಸುಲಭವಿತ್ತು. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹಲವರು ಹಂಚಿಕೊಂಡು ಬಳಸುತ್ತಿದ್ದ ಸಿಟಿಎಸ್‌ಎಸ್ ವ್ಯವಸ್ಥೆಯಲ್ಲಿ ಕಂಪ್ಯೂಟರ್ ಒಂದೇ, ಪಾಸ್‌ವರ್ಡ್ ಪಟ್ಟಿಯೂ ಒಂದೇ. ಅದೂ ಭದ್ರವಾಗಿರಲಿಲ್ಲ: 1962ರಲ್ಲಿ ಸಂಶೋಧಕ ಅಲನ್ ಶೆರ್, ತಮಗೆ ಕೊಟ್ಟ ಕಂಪ್ಯೂಟರ್ ಸಮಯ ಸಾಲದೆ ಆ ಪಟ್ಟಿಯನ್ನೇ ಮುದ್ರಿಸಿಕೊಂಡರು.

1983ರಲ್ಲಿ ಅಲ್ಲೇ ಅಥೀನಾ ಯೋಜನೆ ಶುರುವಾಗಿ ಕ್ಯಾಂಪಸ್ಸಿನ ತುಂಬ ಕಂಪ್ಯೂಟರ್‌ಗಳು ಬಂದವು. ಎಲ್ಲವೂ ಒಂದೇ ಜಾಲದಲ್ಲಿ. ಆ ತಂತಿಗೆ ಯಾರು ಬೇಕಾದರೂ ಕಿವಿಗೊಡಬಹುದು. ಅಲ್ಲಿ ಪಾಸ್‌ವರ್ಡ್ ಕಳಿಸುವುದೆಂದರೆ ಸಂತೆಯಲ್ಲಿ ಕೂಗಿ ಹೇಳಿದಂತೆ. ಹಾಗೆ ಹುಟ್ಟಿದ್ದು ಬಳಕೆದಾರರ ಗುರುತು ತಪಾಸಿಸುವ ಕರ್ಬೆರೋಸ್ ವ್ಯವಸ್ಥೆ. 1978ರಲ್ಲಿ ಸಂಶೋಧಕರಾದ ನೀಡ್‌ಹ್ಯಾಮ್ ಮತ್ತು ಶ್ರೋಡರ್ ತೋರಿಸಿಕೊಟ್ಟ ವಿಧಾನವೇ ಅದರ ಬುನಾದಿ. ಇಲ್ಲಿ ಪಾಸ್‌ವರ್ಡ್ ತಂತಿಯ ಮೇಲೆ ಹಾಯುವುದೇ ಇಲ್ಲ. ನಡುವಿನ ಸರ್ವರ್ ಗೂಢಲಿಪಿಯಲ್ಲಿ ಉತ್ತರ ಕಳಿಸುತ್ತದೆ. ನಿಜವಾದ ಬಳಕೆದಾರರ ಪಾಸ್‌ವರ್ಡಿನಿಂದ ಮಾತ್ರ ಅದು ಬಿಚ್ಚಿಕೊಳ್ಳುತ್ತದೆ. ಆಮೇಲೆ ಮೇಲ್, ಪ್ರಿಂಟರ್, ಕಡತ ಎಲ್ಲಕ್ಕೂ ಸರ್ವರ್ ಕೊಡುವ ಟಿಕೆಟ್ ತೋರಿಸಿದರಾಯಿತು. ಕೆಲವು ಗಂಟೆಗಳಲ್ಲಿ ಟಿಕೆಟ್ಟಿನ ಅವಧಿ ತೀರುತ್ತದೆ. ನನಗೆ ಇದರ ಜಾಣತನವೆಲ್ಲ ಕಾಣುವುದು ಈ ಅವಧಿಯಲ್ಲೇ: ಕೊಟ್ಟ ಹಕ್ಕು ತಾನಾಗಿ ಮುಗಿಯುತ್ತದೆ.

1992ರಲ್ಲಿ ಅಮೆರಿಕದ ಸಂಶೋಧಕರಾದ ಫೆರಾಯೊಲೊ ಮತ್ತು ಕೂನ್ ಇನ್ನೊಂದು ಗಂಟು ಬಿಡಿಸಿದರು: ಹಕ್ಕು ವ್ಯಕ್ತಿಗಲ್ಲ, ಹುದ್ದೆಗೆ. ನಮ್ಮ ಕಚೇರಿಗಳಿಗೆ ಇದು ಹೊಸದೇನಲ್ಲ. ವರ್ಗವಾದ ಗುಮಾಸ್ತರು ಚಾರ್ಜ್ ಒಪ್ಪಿಸಿ ಹೋಗುತ್ತಾರೆ, ಬೀರುವಿನ ಕೀಲಿ ಕುರ್ಚಿಗೆ ಉಳಿಯುತ್ತದೆ. ಕಂಪ್ಯೂಟರ್‌ನಲ್ಲಿ ಮಾತ್ರ ವರ್ಗವಾದವರ ಹಳೆಯ ಹಕ್ಕಿನ ಮೇಲೆ ಹೊಸ ಹಕ್ಕು ಸೇರುತ್ತಾ ಹೋಗುತ್ತದೆ.

ಮುಂದೆ ಬಳಕೆದಾರರ ಪಟ್ಟಿಯನ್ನು ಒಂದೇ ಕಡೆ ನೋಡಲು ಎಲ್‌ಡ್ಯಾಪ್, ವಿಂಡೋಸ್ 2000ದ ಜೊತೆ ಅಂಥದೇ ಆಕ್ಟಿವ್ ಡೈರೆಕ್ಟರಿ, ವೆಬ್ ಕಾಲಕ್ಕೆ ಒಂದು ತಾಣದ ಲಾಗಿನ್ನನ್ನು ಇನ್ನೊಂದಕ್ಕೆ ತಿಳಿಸುವ ಸ್ಯಾಮಲ್, 2014ರಲ್ಲಿ ಓಪನ್‌ಐಡಿ ಕನೆಕ್ಟ್ ಬಂದವು. ಒಮ್ಮೆ ಲಾಗಿನ್ ಆದರೆ ಹತ್ತು ತಂತ್ರಾಂಶ ತೆರೆಯುವುದು ಇವುಗಳಿಂದ. ಅಪಾಯವೂ ಅಲ್ಲೇ: ಆ ಒಂದು ಖಾತೆ ಕಳ್ಳರ ಪಾಲಾದರೆ ಹತ್ತೂ ಹೋದಂತೆ.

ಬಾಗಿಲು ಮುಚ್ಚುವ ಕೆಲಸಕ್ಕೆ ಒಪ್ಪಿತ ಮಾನದಂಡ ಬಂದದ್ದು ತಡವಾಗಿ. 2015ರ ಸ್ಕಿಮ್ 2.0 ಎಂಬ ಆ ಮಾನದಂಡ ಬಳಸಿ, ಸಿಬ್ಬಂದಿ ಪಟ್ಟಿಯಿಂದ ಹೆಸರು ಹೋದೊಡನೆ ಉಳಿದ ತಂತ್ರಾಂಶಗಳಲ್ಲೂ ಖಾತೆ ಮುಚ್ಚಬಹುದು. ಆದರೆ ಸ್ಕಿಮ್‌ಗೆ ಜೋಡಿಸಿದ ತಂತ್ರಾಂಶಗಳಲ್ಲಿ ಮಾತ್ರ. ಮೂಲೆಯಲ್ಲಿ ಮರೆತುಬಿಟ್ಟ ಹಳೆಯ ವಿಪಿಎನ್‌ವರೆಗೆ ಆ ಸುದ್ದಿ ತಲುಪುವುದಿಲ್ಲ.