ಮಗಳು ‘ನೋಡಿ ಕಲಿಯುವವಳು’ ಅಂದರೆ ವಿಡಿಯೊ ಸಾಕಾ?

ಪ್ರಶ್ನೆ: ಮಗಳು ಎಸ್ಸೆಸ್ಸೆಲ್ಸಿ. ಮೊಬೈಲಿನಲ್ಲಿ ಏನೋ ಟೆಸ್ಟ್ ಮಾಡಿಕೊಂಡು, ತಾನು ‘ನೋಡಿ ಕಲಿಯುವವಳು’ ಅಂತಾಳೆ. ಪುಸ್ತಕ ಮುಟ್ಟುವುದಿಲ್ಲ, ಬರೀ ವಿಡಿಯೊ. ಹಾಗೇ ಬಿಡಬಹುದಾ?
– ಒಬ್ಬ ತಾಯಿ, ಸಿಂಧನೂರು

ಉತ್ತರ: ಬಿಡಬೇಡಿ ಅಕ್ಕಾ. ವಿಡಿಯೊ ನೋಡುವುದು ತಪ್ಪಲ್ಲ. ಆದರೆ ‘ನಾನು ಇಂಥ ಬಗೆಯವಳು, ನನಗೆ ಇದೊಂದೇ ದಾರಿ’ ಅನ್ನುವ ನಂಬಿಕೆಗೆ ಗಟ್ಟಿ ಆಧಾರ ಇಲ್ಲ.

ನೋಡಿ ಕಲಿಯುವವರು, ಕೇಳಿ ಕಲಿಯುವವರು, ಓದಿ ಬರೆದು ಕಲಿಯುವವರು, ಮಾಡಿ ಕಲಿಯುವವರು ಎಂಬ ವಿಂಗಡಣೆಯನ್ನು ಜನಪ್ರಿಯ ಮಾಡಿದವರು ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್. ಒಬ್ಬೊಬ್ಬರಿಗೆ ಒಂದೊಂದು ರೀತಿ ಇಷ್ಟವಾಗುವುದು ನಿಜ. ಆದರೆ ಇಷ್ಟದ ರೀತಿಯಲ್ಲೇ ಕಲಿಸಿದರೆ ಜಾಸ್ತಿ ತಲೆಗೆ ಹತ್ತುತ್ತದಾ? 2008ರಲ್ಲಿ ಅಮೆರಿಕದ ನಾಲ್ವರು ಮನಶ್ಶಾಸ್ತ್ರಜ್ಞರು ಅದುವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿದರು. ಹೌದು ಅನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ.

ಹೇಗೆ ಕಲಿಯಬೇಕು ಅನ್ನುವುದು ಪಾಠದ ಮೇಲಿರುತ್ತದೆ. ನಿಮ್ಮೂರಿನದೇ ಉದಾಹರಣೆ ನೋಡಿ. ರಾಯಚೂರು ದೋಆಬ್‌ಗಾಗಿ ವಿಜಯನಗರದವರೂ ಬಹಮನಿಯವರೂ ಯಾಕೆ ಅಷ್ಟು ಕಾದಾಡಿದರು? ಮಗಳು ಒಂದು ನಕ್ಷೆ ಬರೆಯಲಿ. ಮೇಲೆ ಕೃಷ್ಣಾ, ಕೆಳಗೆ ತುಂಗಭದ್ರಾ. ನಡುವೆ ರಾಯಚೂರು, ಮುದಗಲ್ಲಿನ ಕೋಟೆಗಳು, ಜೊತೆಗೆ ಸಿಂಧನೂರು. ಎರಡು ಹೊಳೆಗಳ ನಡುವಿನ ಈ ಫಲವತ್ತಾದ ನೆಲ ಯಾರಿಗೆ ಬೇಡ? ಅರ್ಧ ಉತ್ತರ ಅಲ್ಲೇ ಕಾಣುತ್ತದೆ. ಹಳಗನ್ನಡ ಪದ್ಯವನ್ನು ಮಾತ್ರ ಗಟ್ಟಿಯಾಗಿ ಓದಬೇಕು, ಪದ ಎಲ್ಲಿ ಬಿಡಿಸಬೇಕೆಂದು ಕಿವಿಗೇ ಗೊತ್ತಾಗುತ್ತದೆ. ಗಣಿತಕ್ಕೆ ಪೆನ್ನು ಹಿಡಿಯಲೇಬೇಕು. ಇದು ಎಲ್ಲ ಮಕ್ಕಳಿಗೂ ಒಂದೇ.

ಬರೀ ವಿಡಿಯೊದ ದೊಡ್ಡ ತೊಂದರೆ ಏನೆಂದರೆ, ನೋಡುವಾಗ ಎಲ್ಲ ಬಂದುಬಿಟ್ಟಿತು ಅನಿಸುತ್ತದೆ. ಪುಸ್ತಕವನ್ನು ಮತ್ತೆ ಮತ್ತೆ ಓದುವವರಿಗೂ ಹೀಗೇ ಆಗುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು ಇದನ್ನು ಪರೀಕ್ಷಿಸಿದರು. ಕೆಲವರು ಪಾಠವನ್ನು ಇನ್ನೊಮ್ಮೆ ಓದಿದರು. ಉಳಿದವರು ಪಾಠ ನೋಡದೆ, ನೆನಪಾದದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ವಾರ ಬಿಟ್ಟು ಕೇಳಿದಾಗ ಮತ್ತೆ ಓದಿದವರಿಗೆ ನೆನಪಿದ್ದದ್ದು ಶೇ 42ರಷ್ಟು, ಬರೆದು ನೋಡಿದವರಿಗೆ ಶೇ 56ರಷ್ಟು. ಪರೀಕ್ಷೆಗೆ ಬೇಕಾದದ್ದು ಈ ವಾರದ ನಂತರದ ನೆನಪು ಅಲ್ವಾ?

ಹಾಗಾಗಿ ವಿಡಿಯೊ ಮುಗಿದ ತಕ್ಷಣ ಮೊಬೈಲ್ ನಿಮ್ಮ ಕೈಗೆ ಬರಲಿ. ಅವಳು ರಫ್ ಹಾಳೆಯಲ್ಲಿ ನೆನಪಾದದ್ದನ್ನೆಲ್ಲ ಬರೆಯಲಿ. ಆಮೇಲೆ ಪುಸ್ತಕ ತೆರೆದು, ಬಿಟ್ಟದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಲಿ. ಅದೇ ಪಾಠವನ್ನು ಮರುದಿನ ಒಮ್ಮೆ, ಮೂರ್ನಾಲ್ಕು ದಿನ ಬಿಟ್ಟು ಒಮ್ಮೆ, ವಾರದ ಮೇಲೆ ಇನ್ನೊಮ್ಮೆ ಹೀಗೆ ಬರೆಯಲಿ. ಒಂದೇ ರಾತ್ರಿ ನಾಲ್ಕು ತಾಸು ಕೂರುವುದಕ್ಕಿಂತ ಹೀಗೆ ಹಂಚಿ ಓದಿದ್ದು ಜಾಸ್ತಿ ದಿನ ಉಳಿಯುತ್ತದೆ. ಕರೆಂಟ್ ಹೋದರೆ ಬಾಯಲ್ಲೇ ಹೇಳಲಿ. ನೀವು ರೊಟ್ಟಿ ಬಡಿಯುತ್ತಾ ಕೇಳಿಸಿಕೊಳ್ಳಬಹುದು. ನಿಮಗೆ ಪಾಠ ಗೊತ್ತಿರಬೇಕಿಲ್ಲ. ‘ಯಾಕೆ ಹಂಗಾಯ್ತು?’ ಅಂತ ನಡುನಡುವೆ ಕೇಳಿ, ಸಾಕು.

ಮೊದಲ ದಿನಗಳಲ್ಲಿ ಹಾಳೆ ಅರ್ಧವೂ ತುಂಬದೆ ಅವಳಿಗೆ ಬೇಜಾರಾಗಬಹುದು. ಆಗ ದಯವಿಟ್ಟು ಬೈಯಬೇಡಿ. ಖಾಲಿ ಉಳಿದದ್ದು ಯಾವ ಭಾಗ ಅಂತ ನೋಡಿ, ಮರುದಿನ ಅಲ್ಲಿಂದಲೇ ಶುರು ಮಾಡಿಸಿ.