ಡಿಬಿಎಂ ಅಂದ್ರೇನು? ಹೊಸ ವೈಫೈ ಕಾರ್ಡ್ ಹಾಕಿದ್ಮೇಲೆ ಸಿಗ್ನಲ್ ಬಿದ್ದೋದಾಗ ಕಲಿತ ಪದ

ಹಳೇ ಲ್ಯಾಪ್‌ಟಾಪ್ ಬಿಚ್ಚಿ ಒಳಗಿನ ವೈಫೈ ಕಾರ್ಡ್ ತೆಗ್ದು ಹೊಸದು ಹಾಕ್ದೆ, ಇಂಟೆಲ್ ಎಎಕ್ಸ್210, ವೈಫೈ 6ಇ ಅಂತೆಲ್ಲ ಬರ್ದಿರೋದು, ಆನ್ ಮಾಡಿ ನೋಡಿದ್ರೆ ಅದೇ ಟೇಬಲ್ಲು ಅದೇ ರೂಟರ್ರು, ಮೊದ್ಲು ಫುಲ್ ಇರ್ತಿದ್ದ ಸಿಗ್ನಲ್ ಅರ್ಧಕ್ಕೆ ಬಂದು ಕೂತಿದೆ. ದುಡ್ಡು ಕೊಟ್ಟು ಇದ್ದಿದ್ದನ್ನೂ ಹಾಳು ಮಾಡ್ಕೊಂಡ್ನಾ ಅಂತ ತಲೆ ಕೆಟ್ಟೋಯ್ತು. ಕಾರ್ಡ್ ವಾಪಸ್ ಕಳ್ಸೋಕೆ ಡಬ್ಬಕ್ಕೆ ಹಾಕೋ ಮುಂಚೆ ಕೈ ಹಿಡಿದಿದ್ದು ಡಿಬಿಎಂ (dBm) ಅನ್ನೋ ಪದ, ಸಿಗ್ನಲ್ ಎಷ್ಟು ಜೋರಾಗಿದೆ ಅಂತ ಹೇಳೋ ಅಳತೆ.

ಡೆಸಿಬಲ್ ಅಂದ್ರೆ ನಮಗೆ ನೆನಪಾಗೋದು ಗಣಪತಿ ಹಬ್ಬದ ಮೈಕ್‌ಸೆಟ್ಟು, ಜನ ವಾಸ ಮಾಡೋ ಏರಿಯಾದಲ್ಲಿ ರಾತ್ರಿ 45 ಡೆಸಿಬಲ್ ದಾಟಬಾರ್ದು ಅನ್ನೋ ರೂಲ್ಸು. ಆದ್ರೆ ಈ ಪದ ಹುಟ್ಟಿದ್ದು ಟೆಲಿಫೋನ್ ಲೈನಲ್ಲಿ. ಅಮೆರಿಕದ ಬೆಲ್ ಕಂಪನಿ ಇಂಜಿನಿಯರ್‌ಗಳು ಉದ್ದದ ತಂತೀಲಿ ಸಿಗ್ನಲ್ ಎಷ್ಟು ಸೋರಿಹೋಗುತ್ತೆ ಅಂತ ಅಳೆಯೋಕೆ ಮಾಡ್ಕೊಂಡ ಅಳತೆ ಇದು, 1928ರಲ್ಲಿ ಡೆಸಿಬಲ್ ಅಂತ ಹೆಸರಿಟ್ರು, ಗ್ರಹಾಂ ಬೆಲ್ ಹೆಸರಿನ 'ಬೆಲ್'ನ ಹತ್ತನೇ ಒಂದು ಪಾಲು. ಡೆಸಿಬಲ್ ಅನ್ನೋದು ಬರೀ ಹೋಲಿಕೆ, ಒಂದಕ್ಕಿಂತ ಇನ್ನೊಂದು ಎಷ್ಟು ಪಟ್ಟು ಅಂತ, ಅಷ್ಟೇ. "ನಲವತ್ತು ಕಿಲೋಮೀಟರ್ ದೂರ" ಅಂದ್ರೆ ಎಲ್ಲಿಂದ ಅಂತ ಕೇಳ್ತೀವಲ್ಲ, ಹಂಗೇ ಇಲ್ಲೂ ಒಂದು ಸೊನ್ನೆ ಕಲ್ಲು ಬೇಕು. ಡಿಬಿ ಅಂದ್ರೆ ಡೆಸಿಬಲ್, ಅದ್ರ ಪಕ್ಕದಲ್ಲಿರೋ ಆ ಎಂ ಅದೇ ಕಲ್ಲು: ಮಿಲಿವ್ಯಾಟ್. 0 ಡಿಬಿಎಂ ಅಂದ್ರೆ ಸರಿಯಾಗಿ 1 ಮಿಲಿವ್ಯಾಟ್.

ಇಲ್ಲಿಂದ 10 ಮೇಲೆ ಹೋದ್ರೆ ಹತ್ತು ಪಟ್ಟು ಜಾಸ್ತಿ, 10 ಕೆಳಗೆ ಬಂದ್ರೆ ಹತ್ತನೇ ಒಂದು ಪಾಲು, ಬರೀ 3 ಇಳಿದ್ರೂ ಹೆಚ್ಚುಕಮ್ಮಿ ಅರ್ಧ ಆಗೋಗುತ್ತೆ. ರೂಟರ್ 20 ಡಿಬಿಎಂ, ಅಂದ್ರೆ 100 ಮಿಲಿವ್ಯಾಟ್ ಬಿಟ್ರೆ ಲ್ಯಾಪ್‌ಟಾಪ್ ಹತ್ರ ಬರೋಷ್ಟ್ರಲ್ಲಿ ಮೈನಸ್ 60 ಆಗಿರುತ್ತೆ ಅಂತ ಇಟ್ಕೊಳ್ಳಿ, ಕೈಗೆ ಸಿಕ್ಕಿದ್ದು ಹತ್ತು ಕೋಟೀಲಿ ಒಂದು ಪಾಲು. ಅಷ್ಟ್ರಲ್ಲೇ ವಿಡಿಯೋ ಕಾಲ್ ಆರಾಮಾಗಿ ಓಡುತ್ತೆ, ನಂಗಂತೂ ಇದು ಈಗ್ಲೂ ಆಶ್ಚರ್ಯನೇ. ಮೈನಸ್ ನೋಡಿ ಗಾಬರಿ ಬೇಡ, ಸಾಲದ ಲೆಕ್ಕ ಅನ್ಕೊಳ್ಳಿ, ಮೈನಸ್ 77 ಅನ್ನೋದು ಮೈನಸ್ 50ಕ್ಕಿಂತ ದೊಡ್ಡ ಸಾಲ.

ನನ್ ಲ್ಯಾಪ್‌ಟಾಪಲ್ಲಿರೋ ವಿಂಡೋಸ್ ಈ ನಂಬರ್‌ನ ನೇರವಾಗಿ ತೋರ್ಸಲ್ಲ, ಪರ್ಸೆಂಟ್ ಮಾಡಿ ಕೊಡುತ್ತೆ. ಕಮಾಂಡ್ ಪ್ರಾಂಪ್ಟಲ್ಲಿ 'netsh wlan show interfaces' ಅಂತ ಹೊಡೀರಿ, ಸಿಗ್ನಲ್ ಅನ್ನೋ ಸಾಲು ಬರುತ್ತೆ. ಅದ್ರ ಅರ್ಧದಿಂದ 100 ಕಳೆದ್ರೆ ಡಿಬಿಎಂ ಸಿಗುತ್ತೆ. ಮೈನಸ್ 50 ಇರ್ಲಿ ಅದಕ್ಕಿಂತ ಚೆನ್ನಾಗಿರ್ಲಿ, ಎರಡಕ್ಕೂ 100 ಪರ್ಸೆಂಟೇ. ನನ್ ಲ್ಯಾಪ್‌ಟಾಪಲ್ಲಿ ಹಳೇ ಕಾರ್ಡ್ ಇದ್ದಾಗ 100, ಹೊಸದ್ರಲ್ಲಿ 46. ನೋಡೋಕೆ ಅರ್ಧ. ಲೆಕ್ಕ ಹಾಕಿದ್ರೆ 46ರ ಅರ್ಧ 23, ಅಂದ್ರೆ ಮೈನಸ್ 77, ಕಮ್ಮಿ ಅಂದ್ರೂ 27 ಡಿಬಿ ಬಿದ್ದಿದೆ, ಅದು ಅರ್ಧ ಅಲ್ಲ ಸ್ವಾಮಿ, ಐನೂರರಲ್ಲಿ ಒಂದು!

ಇದ್ರಲ್ಲಿ ಸ್ವಲ್ಪ ಭಾಗಕ್ಕೆ ಕಾರ್ಡ್‌ನ ಬೈಯೋ ಹಂಗಿಲ್ಲ. ವೈಫೈ ಓಡೋ ಫ್ರೀಕ್ವೆನ್ಸಿಗಳಲ್ಲಿ ಹಳೇದಕ್ಕೆ ಗೊತ್ತಿದ್ದಿದ್ದು 2.4 ಗಿಗಾಹರ್ಟ್ಸ್ ಒಂದೇ, ಹೊಸದು ತಾನಾಗೇ 5 ಗಿಗಾಹರ್ಟ್ಸ್‌ಗೆ ಹೋಗಿ ಕೂತಿತ್ತು. ಮಧ್ಯ ಏನೂ ಅಡ್ಡ ಇಲ್ದಿದ್ರೂ ಅಷ್ಟೇ ದೂರಕ್ಕೆ ಇದು ಆರೇಳು ಡಿಬಿ ಕಮ್ಮಿನೇ ತಲುಪೋದು, ಗೋಡೆ ಇದ್ರೆ ಇನ್ನೂ ಕಮ್ಮಿ. ಒಂದೊಂದು ಚಿಪ್ ಅಳೆಯೋ ರೀತೀನೂ ಒಂದೊಂದು ಥರ, ಅದಕ್ಕೆ ಎರಡು ಮೂರು ಡಿಬಿ ಬಿಟ್ಕೊಡೋಣ. ಆದ್ರೂ ಇನ್ನೊಂದು ಹದಿನೇಳು ಹದಿನೆಂಟು ಡಿಬಿ ಲೆಕ್ಕಕ್ಕೆ ಸಿಗ್ತಿಲ್ಲ. ಅಷ್ಟೊಂದು ಬಿತ್ತು ಅಂದ್ರೆ ಆಂಟೆನಾ ವೈರ್ ಮೇಲೇ ಡೌಟು.

ಲ್ಯಾಪ್‌ಟಾಪ್ ಆಂಟೆನಾ ಇರೋದು ಕಾರ್ಡಲ್ಲಲ್ಲ, ಸುಮಾರು ಮಾಡೆಲ್‌ಗಳಲ್ಲಿ ಸ್ಕ್ರೀನ್ ಸುತ್ತ ಇರುತ್ತೆ, ಅಲ್ಲಿಂದ ಸುಮಾರು ಒಂದು ಮಿಲಿಮೀಟರ್ ದಪ್ಪ ಇರೋ ವೈರು ಹಿಂಜ್ ಒಳಗಿಂದ ತೂರಿ ಬಂದು ಕಾರ್ಡ್ ಮೇಲಿರೋ ಸಾಸಿವೆ ಕಾಳಿನಷ್ಟು ದೊಡ್ಡ ಸಾಕೆಟ್‌ಗೆ ಕೂರುತ್ತೆ. ಇದಕ್ಕೆ ಎಂಎಚ್‌ಎಫ್4 ಅಂತಾರೆ, ಇನ್ನೂ ಹಳೇ ಮಿನಿ ಪಿಸಿಐಇ ಕಾರ್ಡ್‌ಗಳದ್ದು ಯು.ಎಫ್‌ಎಲ್, ಒಂಚೂರು ದೊಡ್ಡದು, ಅದನ್ನ ತಂದು ಇದಕ್ಕೆ ಒತ್ತಿದ್ರೆ ಕೂರಲ್ಲ. ಮತ್ತೆ ಬಿಚ್ಚಿ ಮೊಬೈಲ್ ಟಾರ್ಚ್ ಹಾಕಿ ನೋಡಿದ್ರೆ ವೈರ್ ತಲೆ ಒಂದು ಕಡೆ ಎದ್ದಿದೆ, ಕೂತಂಗೆ ಕಾಣುತ್ತೆ ಆದ್ರೆ ಕೂತಿಲ್ಲ. ಉಗುರಲ್ಲಿ ನೇರ ಮೇಲಿಂದ ಒತ್ತಿದಾಗ ಟಪ್ ಅಂತು, ಆ ಸದ್ದು ಮೊದ್ಲ ಸಲ ಬಂದೇ ಇರ್ಲಿಲ್ಲ ಅಂತ ಆಗ ನೆನಪಾಯ್ತು.

ಆನ್ ಮಾಡಿದ್ರೆ 88 ಪರ್ಸೆಂಟ್, ಅಂದ್ರೆ ಮೈನಸ್ 56. ಬಿದ್ದಿದ್ದ 27ರಲ್ಲಿ 21 ವಾಪಸ್ ಬಂತು, ಉಳಿದ ಆರು ಆ 5 ಗಿಗಾಹರ್ಟ್ಸ್ ತಿನ್ನೋ ಪಾಲು. ಹಳೇ ಕಾರ್ಡಿಗೆ ಹೋಲಿಸಿದ್ರೆ ಈಗ್ಲೂ ಸಿಗ್ನಲ್ ಕಮ್ಮಿನೇ, ಆದ್ರೆ ಲಿಂಕ್ ಸ್ಪೀಡ್ ಆಗ 72 ಎಂಬಿಪಿಎಸ್ ಇತ್ತು, ಈಗ 433. 5 ಗಿಗಾಹರ್ಟ್ಸಲ್ಲಿ ರಸ್ತೆ, ಅಂದ್ರೆ ಡೇಟಾ ಓಡೋ ಚಾನೆಲ್, ಅಗಲ, 20 ಮೆಗಾಹರ್ಟ್ಸ್ ಬದ್ಲು 80. ಅಗಲ ಆದಷ್ಟೂ ಗದ್ದಲಾನೂ ಜಾಸ್ತಿ ಒಳಗೆ ಬರುತ್ತೆ, ನಾಲ್ಕು ಪಟ್ಟು ಅಗಲಕ್ಕೆ 6 ಡಿಬಿ, ಅದಕ್ಕೇ ರೂಟರ್‌ನಿಂದ ಎರಡು ರೂಮು ದಾಟಿದ್ರೆ ಮತ್ತೆ 2.4ಕ್ಕೇ ವಾಪಸ್ ಹೋಗೋದು ವಾಸಿ.

ಹೊಸ ಕಾರ್ಡಲ್ಲಿ ಸಾಕೆಟ್ ಎರಡಿದೆ, ನನ್ ಲ್ಯಾಪ್‌ಟಾಪು ಅಗ್ಗದ್ದು, ಕಂಪನಿಯವ್ರು ಬಿಟ್ಟಿರೋದು ಒಂದೇ ವೈರು. ಎರಡನೇದು ಎಳೀಬೇಕು ಅಂದ್ರೆ ಸ್ಕ್ರೀನ್ ಬಿಚ್ಚಬೇಕು. ಸದ್ಯಕ್ಕೆ ಖಾಲಿ ಬಿಟ್ಟಿದೀನಿ.